ಸದ್ದಡಗಿಸಿದ ಜೀಪು

"ಗುರುಗಳೇ, ನನ್ನಲ್ಲಿ ಇನ್ನೂ ಉಳಿದಿರುವ ದೋಷ ಯಾವುದು?" ಎಂದು ಮರಿಬಸವ ಕೇಳಿದ.

ಅವನು ಮಠಕ್ಕೆ ಬರತೊಡಗಿ ಮೂರು ವರ್ಷವಾಗಿತ್ತು. ಸಿಟ್ಟು ಬಿಟ್ಟಿದ್ದ. ಚಾಡಿ ಹೇಳುವುದನ್ನು ಬಿಟ್ಟಿದ್ದ. ಎಲೆ ಅಡಿಕೆಯನ್ನೂ ಬಿಟ್ಟಿದ್ದ. ಆದರೂ ಅವನು ಹೊಸಿಲು ದಾಟಿ ಒಳಗೆ ಬಂದರೆ ಮನೆಯವರು ನಗುವುದನ್ನು ನಿಲ್ಲಿಸುತ್ತಿದ್ದರು. ಹದಿನೈದು ದಿನಗಳ ಹಿಂದೆ ಅವನ ಮಗಳು ಬಟ್ಟೆ ಕಟ್ಟಿಕೊಂಡು ಅಜ್ಜಿಯ ಮನೆಗೆ ಹೋದವಳು ಮರಳಿರಲಿಲ್ಲ. ಅಪ್ಪ ಇರುವ ಮನೆಗೆ ಬರುವುದಿಲ್ಲ ಎಂದು ಹೇಳಿಕಳುಹಿಸಿದ್ದಳು. ಏಕೆ ಎಂದು ಮರಿಬಸವನಿಗೆ ತಿಳಿಯಲಿಲ್ಲ. ಹೆದರಿಕೆ ಮಾತ್ರ ದಿನದಿನಕ್ಕೂ ಹೆಚ್ಚುತ್ತಿತ್ತು.

"ಹುಡುಕದ ಮೂಲೆಯಿಲ್ಲ ಗುರುಗಳೇ. ಇನ್ನು ಎಲ್ಲಿ ನೋಡಲಿ, ನೀವೇ ಹೇಳಿ," ಎಂದ.

ಗುರುಗಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಕೂತುಕೋ. ಒಂದು ಹಳೆಯ ಜೀಪಿನ ಕತೆ ಹೇಳುತ್ತೇನೆ. ಸ್ವಾಮಿಗಳ ಬಾಯಲ್ಲಿ ಜೀಪಿನ ಕತೆಯೇ ಎಂದು ಹುಬ್ಬೇರಿಸಬೇಡ. ನಾನೇನು ಹುಟ್ಟುವಾಗಲೇ ಕಾವಿ ಉಟ್ಟು ಬಂದವನಲ್ಲ. ಮಾವನ ಗ್ಯಾರೇಜಿನಲ್ಲಿ ನಾಲ್ಕು ವರ್ಷ ಕೈ ಮಸಿ ಮಾಡಿಕೊಂಡವನು," ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮೇಸ್ತ್ರಿಯಿದ್ದ. ವಾಹನ ರಿಪೇರಿಯಲ್ಲಿ ಅವನನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಅವನಿಗೆ ಇದ್ದ ಹೆಮ್ಮೆ ಒಂದೇ. ಅವನು ಕೈಯಿಟ್ಟ ಇಂಜಿನ್ ಸದ್ದು ಮಾಡುವುದಿಲ್ಲ. ಹಳೆಯ ಪೆಟ್ರೋಲ್ ಇಂಜಿನ್ನುಗಳು ಓಡುವಾಗ ಇಂಜಿನ್ನಿನ ತಲೆಯ ಮೇಲಿನ ತಗಡಿನ ಮುಚ್ಚಳದ ಕೆಳಗಿನಿಂದ ಟಿಕಟಿಕ ಎಂಬ ಸಣ್ಣ ಸದ್ದು ಬರುತ್ತದೆ. ಆ ಸದ್ದು ಕಿವಿಗೆ ಬಿದ್ದರೆ ಮೇಸ್ತ್ರಿಗೆ ಮೈ ಉರಿಯುತ್ತಿತ್ತು. ಮುಚ್ಚಳ ತೆಗೆದು, ಒಳಗಿನ ಸ್ಕ್ರೂಗಳನ್ನು ಬಿಗಿಮಾಡಿ ಸದ್ದಡಗಿಸುತ್ತಿದ್ದ. ಆಮೇಲೆ ಮಾಲೀಕನನ್ನು ಕರೆದು, ಕಣ್ಣು ಮುಚ್ಚಿಸಿ, ಇಂಜಿನ್ ಓಡುತ್ತಿದೆಯೋ ನಿಂತಿದೆಯೋ ಹೇಳಿ ಎನ್ನುತ್ತಿದ್ದ. ಒಬ್ಬ ವ್ಯಾಪಾರಿ ಓಡುತ್ತಿದ್ದ ಇಂಜಿನ್ನಿಗೇ ಇನ್ನೊಮ್ಮೆ ಕೀ ತಿರುಗಿಸಿದನಂತೆ. ಅದನ್ನು ಮೇಸ್ತ್ರಿ ಒಂದು ವರ್ಷ ಹೇಳಿಕೊಂಡು ತಿರುಗಿದ. ಊರಿನವರೂ ಸದ್ದಿಲ್ಲದ್ದೇ ಒಳ್ಳೆಯ ಇಂಜಿನ್ ಎಂದು ನಂಬಿದರು.

ಅದೇ ಊರಿನಲ್ಲಿ ಒಬ್ಬ ಚಾಲಕನಿದ್ದ. ಅವನದು ಮೂವತ್ತು ವರ್ಷ ಓಡಿದ ಜೀಪು. ಅವನ ಅಕ್ಕನಿಗೆ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಅವಳನ್ನು ಗುಡ್ಡದಾಚೆಯ ಪೇಟೆಯ ಆಸ್ಪತ್ರೆಗೆ ಕರೆದೊಯ್ದು, ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿ ತರಬೇಕಿತ್ತು. ಬೆಳಿಗ್ಗೆ ಹತ್ತಕ್ಕೆ ಅವಳ ಸರದಿ. ಆ ಹೊತ್ತಿಗೆ ಬಸ್ಸಿರಲಿಲ್ಲ. ಒಂದು ಸರದಿ ತಪ್ಪಿದರೆ ಕಾಲು ಬಾತು, ಉಸಿರು ಕಟ್ಟುತ್ತದೆ. ಎರಡು ತಪ್ಪಿದರೆ ಏನಾಗುತ್ತದೆಂದು ವೈದ್ಯರು ಹೇಳಿರಲಿಲ್ಲ. ಚಾಲಕನಿಗೂ ಕೇಳಲು ಧೈರ್ಯವಿರಲಿಲ್ಲ.

ಎಲ್ಲರ ಮಾತು ಕೇಳಿ ಅವನೂ ಒಂದು ದಿನ ಜೀಪನ್ನು ಮೇಸ್ತ್ರಿಯ ಬಳಿ ಬಿಟ್ಟ. ಜೀಪು ಮೌನವಾಗಿ ಮನೆಗೆ ಬಂತು. ಕೆಲವು ದಿನ ಚೆನ್ನಾಗಿಯೇ ಓಡಿತು. ಆಮೇಲೊಂದು ಮಂಗಳವಾರ ಗುಡ್ಡದ ಏರಿನಲ್ಲಿ ಫಟ್ ಎಂದು ಸಿಡಿಯಿತು. ಸಿಡಿದದ್ದು ಹಿಂದಿನ ಹೊಗೆಕೊಳವೆಯಲ್ಲಲ್ಲ, ಮುಂದೆ, ಕಾರ್ಬೊರೇಟರಿನಲ್ಲಿ. ಗಾಳಿ ಮತ್ತು ಪೆಟ್ರೋಲು ಒಳಗೆ ಹೋಗಬೇಕಾದ ಬಾಯಿಂದ ಬೆಂಕಿ ಹೊರಗೆ ಬರುತ್ತಿತ್ತು. ಪ್ರತಿ ಸಿಡಿತಕ್ಕೂ ಜೀಪಿನ ಶಕ್ತಿ ಕುಂದುತ್ತಿತ್ತು. ಹೇಗೋ ಅಂದು ಗುಡ್ಡ ದಾಟಿತು.

ಮೇಸ್ತ್ರಿ ಕಾರ್ಬೊರೇಟರನ್ನು ಬಿಚ್ಚಿ ತೊಳೆದ, ಪೆಟ್ರೋಲು ಹಾಯುವ ಸಣ್ಣ ತೂತಿನ ಜೆಟ್ಟುಗಳಿಗೆ ಗಾಳಿ ಹೊಡೆದ. ಗ್ಯಾರೇಜಿನಲ್ಲಿ ಸ್ಟಾರ್ಟ್ ಮಾಡಿದಾಗ ಒಂದು ಸಿಡಿತವೂ ಇಲ್ಲ. ಶುಕ್ರವಾರ ಎರಡನೆಯ ತಿರುವಿನಲ್ಲೇ ಮತ್ತೆ ಫಟ್. ಪ್ಲಗ್ಗು ಬದಲಾಯಿಸಿದ, ಕಿಡಿ ಕೊಡುವ ಪಾಯಿಂಟು ಉಜ್ಜಿದ, ಕಿಡಿ ಹಾರುವ ಹೊತ್ತನ್ನು ಸರಿಹೊಂದಿಸಿದ. ಗ್ಯಾರೇಜಿನಲ್ಲಿ ಜೀಪು ಸಾಧು ಹಸುವಿನ ಹಾಗೆ ನಿಂತಿತ್ತು. ಮಂಗಳವಾರ ಮೂರನೆಯ ತಿರುವಿನಲ್ಲಿ ಸಿಡಿಯಿತು. ಎಲ್ಲಾದರೂ ಗಾಳಿ ಸೋರುತ್ತಿರಬಹುದೆಂದು ಜೋಡಣೆಗಳ ನಡುವಿನ ಪ್ಯಾಕಿಂಗುಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದ. ಸೋರಿಕೆಯಿಲ್ಲ. ಆಗ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುತ್ತಾರೆ ಎಂದು ದೂರಿದ. ಪೆಟ್ರೋಲು ಹಾಕಿಸುವ ಜಾಗವನ್ನು ಬದಲಾಯಿಸಿದರೂ ಸಿಡಿತ ನಿಲ್ಲದಿದ್ದಾಗ, ಚಾಲಕನಿಗೆ ಆಕ್ಸಿಲರೇಟರ್ ತುಳಿಯಲು ಬರುವುದಿಲ್ಲ ಎಂದ. ಪಾಪ, ಇಪ್ಪತ್ತು ವರ್ಷದಿಂದ ಅದೇ ಕಾಲಿನಲ್ಲಿ ಅದೇ ಜೀಪು ತುಳಿದವನು!

ಒಂದು ಜಾಗವನ್ನು ಮಾತ್ರ ಅವನು ಮುಟ್ಟಲಿಲ್ಲ. ತಲೆಯ ಮೇಲಿನ ಮುಚ್ಚಳ ತೆಗೆದು ನೋಡೋಣವೇ ಎಂದು ಚಾಲಕ ಒಮ್ಮೆ ಕೇಳಿದ್ದಕ್ಕೆ, ಅದರೊಳಗೆ ಇರುವುದು ನನ್ನ ಕೈಕೆಲಸ, ಅಲ್ಲಿ ನೋಡುವಂಥದ್ದೇನಿಲ್ಲ ಎಂದುಬಿಟ್ಟ. ಮುಚ್ಚಳವನ್ನು ಬಟ್ಟೆಯಲ್ಲಿ ಒರೆಸಿ ಹೊಳಪು ಬರಿಸುತ್ತಿದ್ದ, ಅಷ್ಟೆ.

ಚಾಲಕನಿಗೆ ಊಟ ಸೇರದಾಯಿತು. ಸೋಮವಾರ ಮತ್ತು ಗುರುವಾರ ಸಂಜೆಯಾದರೆ ಬಾನೆಟ್ಟು ಎತ್ತಿ ನೋಡುತ್ತ ನಿಲ್ಲುತ್ತಿದ್ದ. ಏರಿನಲ್ಲಿ ಅವನು ರಸ್ತೆಯನ್ನು ನೋಡುತ್ತಿರಲಿಲ್ಲ, ಮುಂದಿನ ಸಿಡಿತಕ್ಕೆ ಕಿವಿಗೊಟ್ಟು ಕಾಯುತ್ತಿದ್ದ. ಅಕ್ಕ ಮುಂದಿನ ಸೀಟಿನಲ್ಲಿ ಕಂಬಿ ಹಿಡಿದು ಕೂರುತ್ತಿದ್ದಳು. ತಮ್ಮ ಇನ್ನಷ್ಟು ಹೆದರಬಾರದೆಂದು ಅವಳು ಬಾಯಿ ಬಿಡುತ್ತಿರಲಿಲ್ಲ. ಅವಳು ಹೆದರಬಾರದೆಂದು ಅವನೂ ಬಾಯಿ ಬಿಡುತ್ತಿರಲಿಲ್ಲ. ಹೀಗೆ ಇಬ್ಬರೂ ಗುಡ್ಡ ಹತ್ತುತ್ತಿದ್ದರು.

ಕೊನೆಗೊಂದು ಶುಕ್ರವಾರ ಮೇಸ್ತ್ರಿಯೇ ಹತಾರದ ಚೀಲ ಹಿಡಿದು ಹಿಂದಿನ ಸೀಟಿನಲ್ಲಿ ಕೂತ. ಹಿಂದಿನ ಸರದಿಗೆ ಅವರು ತಲುಪುವಷ್ಟರಲ್ಲಿ ಯಂತ್ರ ಬೇರೆಯವರ ಪಾಲಾಗಿತ್ತು. ಅಕ್ಕನ ಪಾದ ಆಗಲೇ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ನಾಲ್ಕನೆಯ ತಿರುವಿನಲ್ಲಿ ಜೀಪು ಎರಡು ಸಲ ಸಿಡಿಯಿತು. ಮೂರನೆಯ ಸಲ ಬಾನೆಟ್ಟಿನ ಸಂದಿಯಿಂದ ಹೊಗೆ ಬಂತು. ಗಾಳಿ ಸೋಸುವ ಫಿಲ್ಟರಿಗೆ ಬೆಂಕಿ ಹತ್ತಿತ್ತು. ಚಾಲಕ ಅಕ್ಕನನ್ನು ಎತ್ತಿಕೊಂಡು ಕೆಳಗೆ ಹಾರಿದ. ಮೇಸ್ತ್ರಿ ಒದ್ದೆ ಗೋಣಿ ಹಾಕಿ ಬೆಂಕಿ ಆರಿಸಿದ. ಗಂಟೆ ಒಂಬತ್ತೂಕಾಲು ದಾಟಿತ್ತು. ಪೇಟೆ ಇನ್ನೂ ಏಳು ಮೈಲಿ ದೂರವಿತ್ತು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಮೇಸ್ತ್ರಿ, ನಿಮ್ಮ ಕಾಲ್ಗೆ ಬೀಳ್ತೀನಿ, ಏನಾದ್ರೂ ಮಾಡಿ. ಅಕ್ಕನ ಮುಖ ನೋಡಿ, ಹೆಂಗೆ ಊದ್ಕೊಂಡೈತೆ," ಎಂದ ಚಾಲಕ.

"ಎಲ್ಲಾ ನೋಡಾಯ್ತಲ್ಲಪ್ಪ. ಇನ್ನೇನು ಉಳಿದದೆ ನೋಡಾಕೆ?" ಎಂದ ಮೇಸ್ತ್ರಿ.

ರಸ್ತೆಬದಿಯ ಕಲ್ಲಿನ ಮೇಲೆ ಕೂತಿದ್ದ ಅಕ್ಕ ಉಸಿರೆಳೆದುಕೊಂಡು ಹೇಳಿದಳು: "ಮೊದ್ಲು ಇದು ದಾರಿಯುದ್ದಕ್ಕೂ ಟಿಕಟಿಕ ಅಂತ ಮಾತಾಡ್ತಾ ಹೋಗ್ತಿತ್ತು ಕಣಣ್ಣ. ನೀವು ಬಾಯಿ ಮುಚ್ಚಿಸಿದ ಮ್ಯಾಲೇ ಇದಕ್ಕೆ ಈ ಕೆಮ್ಮು ಹತ್ತಿದ್ದು."

ಮೇಸ್ತ್ರಿಯ ಕಿವಿ ಕೆಂಪಾಯಿತು. ಇಂಜಿನ್ನಿನ ಗಂಧಗಾಳಿಯಿಲ್ಲದವಳು ತನಗೆ ಹೇಳಿಕೊಡುವುದೇ ಎಂದು ಸಿಟ್ಟು ಬಂತು. ಆದರೆ ಬೈಯಲು ತಿರುಗಿದವನಿಗೆ ಕಂಡದ್ದು ಬಾತ ಪಾದಗಳು. ಅವನು ಸ್ಪ್ಯಾನರ್ ತೆಗೆದುಕೊಂಡ. ಕಾದ ಮುಚ್ಚಳವನ್ನು ಗೋಣಿಯಲ್ಲಿ ಹಿಡಿದು ಬಿಚ್ಚಿದ.

ಮರಿಬಸವ, ಆ ಮುಚ್ಚಳದ ಕೆಳಗೆ ಏನಿರುತ್ತದೆಂದು ಕೇಳು. ಗಾಳಿ ಮತ್ತು ಪೆಟ್ರೋಲನ್ನು ಒಳಗೆ ಬಿಡಲು ಸಣ್ಣ ಬಾಗಿಲುಗಳಿರುತ್ತವೆ, ಅವೇ ವಾಲ್ವುಗಳು. ಬಾಗಿಲಿಗೂ ಅದನ್ನು ತಟ್ಟಿ ತೆರೆಸುವ ಕಬ್ಬಿಣದ ತೋಳಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕು. ಟಿಕಟಿಕ ಎನ್ನುವುದು ಆ ಸಂದಿನ ಸದ್ದು. ಕಾದಾಗ ಕಬ್ಬಿಣ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ತೋಳು ಬಾಗಿಲನ್ನು ಒತ್ತಿಕೊಂಡೇ ಇರುತ್ತದೆ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಒಳಗೆ ಹೊತ್ತಿದ ಬೆಂಕಿ ಬಂದ ದಾರಿಯಲ್ಲೇ ಹಿಂದಕ್ಕೆ ನುಗ್ಗುತ್ತದೆ. ಗ್ಯಾರೇಜಿನ ತಂಪಿನಲ್ಲಿ ಇದು ಗೊತ್ತಾಗುವುದಿಲ್ಲ. ಏರು ಹತ್ತಿ ಮೈ ಕಾದಾಗಲೇ ಗೊತ್ತಾಗುವುದು.

ಮೇಸ್ತ್ರಿ ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ, ಸಂದು ಅಳೆಯುವ ಗೇಜನ್ನು ತೂರಿಸಿ ನೋಡಿದ. ಅದರ ಅತ್ಯಂತ ತೆಳುವಾದ ಎಲೆಯೂ ಒಳಗೆ ಹೋಗಲಿಲ್ಲ. ಕಾದ ಕಬ್ಬಿಣ ಹಿಗ್ಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲವೇ? ಕೆಲಸ ಕಲಿಯಲು ಬಂದ ಮೊದಲ ವಾರದಲ್ಲೇ ಗೊತ್ತಿತ್ತು. ಮರೆತೂ ಇರಲಿಲ್ಲ. ಜನ ತಲೆದೂಗುವುದು ಅವನಿಗೆ ಹಿಡಿಸಿಬಿಟ್ಟಿತ್ತು.

ಬೆರಳು ಸುಟ್ಟುಕೊಂಡು ಅವನು ಒಂದೊಂದೇ ಸ್ಕ್ರೂ ಸಡಿಲಿಸಿದ, ಸಂದು ಬಿಟ್ಟ, ಮುಚ್ಚಳ ಹಾಕಿದ. ಜೀಪು ಟಿಕಟಿಕ ಎನ್ನುತ್ತ ಎದ್ದಿತು. ಹೊಸದಾಗಿ ಏನೋ ಕೆಟ್ಟಿತೆಂದು ಚಾಲಕ ಬೆಚ್ಚಿದ. ಮೇಸ್ತ್ರಿ ತಲೆ ತಗ್ಗಿಸಿಕೊಂಡೇ ಹೊರಡು ಎಂದು ಕೈ ಮಾಡಿದ. ಐದನೆಯ ತಿರುವು ಬಂತು, ಆರನೆಯದು ಬಂತು. ಗುಡ್ಡದ ನೆತ್ತಿ ದಾಟುವವರೆಗೂ ಒಂದು ಸಿಡಿತವೂ ಇರಲಿಲ್ಲ. ಆಸ್ಪತ್ರೆ ಮುಟ್ಟಿದಾಗ ಇಪ್ಪತ್ತೈದು ನಿಮಿಷ ತಡವಾಗಿತ್ತು. ನರ್ಸ್ ಚೆನ್ನಾಗಿ ಬೈದಳು. ಬೈಯುತ್ತಲೇ ಅಕ್ಕನನ್ನು ಒಳಗೆ ಕರೆದುಕೊಂಡಳು.

ಚಾಲಕ ಬೆಂಚಿನ ಮೇಲೆ ಕೂತು ಮಗುವಿನ ಹಾಗೆ ಅತ್ತುಬಿಟ್ಟ. ಅವನ ಹೆದರಿಕೆ ಅಲ್ಲಿಗೆ ಮುಗಿಯಿತು. ಮೇಸ್ತ್ರಿಯ ಹೆದರಿಕೆ ಆಗ ಹುಟ್ಟಿತು. ಅದೇ ಕೈಯಿಂದ ಅವನು ಇನ್ನೂ ಹನ್ನೊಂದು ವಾಹನಗಳ ಸದ್ದಡಗಿಸಿದ್ದ. ಅವುಗಳಲ್ಲೊಂದು ದಿನವೂ ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು. ಮೇಸ್ತ್ರಿ ಅಲ್ಲಿಂದಲೇ ಒಬ್ಬೊಬ್ಬರಿಗೂ ಫೋನು ಮಾಡಿದ. ಗಾಡಿ ನಿಲ್ಲಿಸಿ, ನಾನು ಬರುವವರೆಗೆ ಮುಟ್ಟಬೇಡಿ ಎಂದು ಅಂಗಲಾಚಿದ. ಕೆಲವರು ನಕ್ಕರು. ಒಬ್ಬನಂತೂ, ಇಷ್ಟು ಚೆನ್ನಾಗಿರುವುದನ್ನು ಕೆಡಿಸಲು ಬರುತ್ತೀಯಾ ಎಂದು ಗದರಿದ. ಅವನ ಬಾಗಿಲಲ್ಲಿ ಮೇಸ್ತ್ರಿ ಎರಡು ದಿನ ನಿಂತ. ತನ್ನ ಕೆಲಸ ತಪ್ಪೆಂದು ತಾನೇ ಸಾಕ್ಷಿ ಹೇಳಿದರೂ ಆತ ನಂಬಲೊಲ್ಲ. ಹನ್ನೊಂದನೆಯ ಮುಚ್ಚಳ ಬಿಚ್ಚಿ ಸಂದು ಬಿಡುವವರೆಗೆ ಮೇಸ್ತ್ರಿ ಬೇರೆ ಕೆಲಸ ಮುಟ್ಟಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮರಿಬಸವ ತುಸು ಹಗುರಾದ. ಇಷ್ಟು ದಿನ ತಡಕಾಡಿದ್ದಕ್ಕೆ ಇಂದು ಉತ್ತರ ಸಿಗುತ್ತದೆ ಎನಿಸಿತು. "ಹಾಗಾದರೆ ನನ್ನ ಕಣ್ಣು ತಪ್ಪಿಸಿಕೊಂಡ ದೋಷ ಒಂದಿದೆ ಎಂದಾಯಿತು ಗುರುಗಳೇ. ಅದನ್ನೂ ಬಿಡುತ್ತೇನೆ. ಮಗಳು ಮನೆಗೆ ಬಂದರೆ ಸಾಕು," ಎಂದು ಕೈಮುಗಿದ.

ಗುರುಗಳು ಹೇಳಿದರು: "ನಿನ್ನ ದೋಷಗಳನ್ನು ಮೂರು ವರ್ಷದಿಂದ ಕೇಳಿದ್ದೇನೆ ಮರಿಬಸವ, ಈಗ ನಿನ್ನ ಗುಣಗಳನ್ನು ಹೇಳು."

ಮರಿಬಸವ ಥಟ್ಟನೆ ಬೆರಳು ಮಡಚಿ ಎಣಿಸತೊಡಗಿದ; ಮೂರನೆಯ ಬೆರಳಿಗೆ ಬಂದಾಗ, ಮೇಸ್ತ್ರಿ ಒರೆಸಿ ಹೊಳಪು ಬರಿಸುತ್ತಿದ್ದ ಆ ಮುಚ್ಚಳ ಅವನ ಕಣ್ಣ ಮುಂದೆ ಬಂತು.