ನೀಲಗಂಗವ್ವ ಕಿಟಕಿ ಕೊಡಲಿಲ್ಲ

ಒಂದಾನೊಂದು ಊರಿತ್ತು. ಎಲ್ಲಿತ್ತು ಅಂತ ಕೇಳಬೇಡಿ, ಹೇಳಿದರೆ ನಾಳೆಯೇ ಹೋಗಿ ಅಲ್ಲಿ ಜಾಗ ಹಿಡಿಯುತ್ತೀರಿ. ಆ ಊರಿನಲ್ಲಿ ನೀಲಗಂಗವ್ವ ಇದ್ದಳು. ಅವಳಿಗೆ ಒಂದೇ ಕೋಣೆಯ ಮನೆ. ಮನೆಗೆ ಒಂದೇ ಕಿಟಕಿ. ಆ ಕಿಟಕಿಗೆ ಎದುರಾಗಿ ತಿಪ್ಪವ್ವನ ಕಿಟಕಿ.

ದಿನಾ ಬೆಳಿಗ್ಗೆ ಇಬ್ಬರೂ ಕಿಟಕಿಗೆ ಬಂದು ಜಗಳ ಆಡುತ್ತಿದ್ದರು. ಏನು ಜಗಳ? ನಿನ್ನ ಕೋಳಿ ನನ್ನನ್ನು ದುರುಗುಟ್ಟಿ ನೋಡಿತು ಅನ್ನುವ ಜಗಳ. ನಿನ್ನ ಒಗ್ಗರಣೆಯ ವಾಸನೆಗೆ ನನ್ನ ಸಾರು ಕೆಟ್ಟಿತು ಅನ್ನುವ ಜಗಳ. ಗಂಡ ತೀರಿಕೊಂಡ ಮೇಲೆ ನೀಲಗಂಗವ್ವನಿಗೆ ಮಾತಿಗೆ ಅಂತ ಉಳಿದವಳು ಈ ವೈರಿ ಒಬ್ಬಳೇ. ಜಗಳ ಆಡದ ದಿನ ಅವಳಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ಊರಿಗೆ ಮುದ್ದರಾಯ ಅಂತ ಒಬ್ಬ ದೊರೆ. ಅವನಿಗೆ ಕಾಣಿಕೆ ಅಂದರೆ ಪ್ರಾಣ. ಆದರೆ ಕೈಚಾಚಲು ಬೇಸರ. ಅದಕ್ಕೇ ಅರಮನೆಯ ಕಿಟಕಿಯ ಕೆಳಗಟ್ಟೆಯನ್ನು ಒಳಮುಖವಾಗಿ ಇಳಿಜಾರು ಮಾಡಿಸಿದ್ದ. ಪ್ರಜೆಗಳು ಹೊರಗೆ ನಿಂತು ಕಟ್ಟೆಯ ಮೇಲೆ ಕಾಣಿಕೆ ಇಡಬೇಕು. ಅದು ತಾನಾಗಿ ಉರುಳಿ ಒಳಗೆ ಬರಬೇಕು. ಕುಂಬಳಕಾಯಿ ಇಟ್ಟರೆ ಕುಂಬಳಕಾಯಿ ಉರುಳಿ ಬಂತು. ನಿಂಬೆಹಣ್ಣು ಇಟ್ಟರೆ ನಿಂಬೆಹಣ್ಣು ಉರುಳಿ ಬಂತು. ಒಂದು ದಿನ ಮಳೆ ಬಂತು. ಮಳೆಯೂ ಪ್ರಜೆಯೇ ತಾನೇ? ಅದೂ ಉರುಳಿ ಬಂತು. ಕಿಟಕಿಯ ಕೆಳಗೆ ಮಲಗಿದ್ದ ದೊರೆಯ ಎಡಮೀಸೆ ತೊಯ್ದು ಜೋತುಬಿತ್ತು.

ದೊರೆ ಕಿಟಕಿಯನ್ನು ಗದರಿಸಿದ. "ಯಾಕ ಸೋರತಿ?"

"ನಾ ಸೋರಂಗಿಲ್ಲರಿ. ನಾ ಸಾಗವಾನಿ," ಅಂದಿತು ಕಿಟಕಿ.

ಗೋಡೆಯನ್ನು ಗದರಿಸಿದ. "ನೀ ಯಾಕ ಸೋರತಿ?"

"ನಾನೂ ಸೋರಂಗಿಲ್ಲರಿ. ನಾ ಕಲ್ಲು. ನಮ್ಮಿಬ್ಬರ ನಡುವ ಒಂದು ಸಂದು ಐತಿ, ಅದನ್ನ ಕೇಳ್ರಿ."

ದೊರೆ ಸಂದನ್ನು ಕೇಳಿದ. ಸಂದು ಮಾತಾಡಲಿಲ್ಲ. ದೊರೆಯ ಮುಂದೆ ಇಷ್ಟು ಸೊಕ್ಕೇ? "ಹಿಡಿದು ತರ್ರಿ ಅದನ್ನ!" ಅಂತ ಭಟರಿಗೆ ಹೇಳಿದ. ಭಟರು ಸಂದನ್ನು ಹಿಡಿಯಲು ಗೋಡೆ ಅಗೆದರು. ಅಗೆದಷ್ಟೂ ಸಂದು ಬೆಳೆಯಿತು. ಸಂಜೆಯ ಹೊತ್ತಿಗೆ ಅದು ಎಮ್ಮೆಯಷ್ಟಾಯಿತು. "ದೊರೀ, ಸಿಕ್ಕೈತಿ," ಅಂದರು ಭಟರು, "ಆದ್ರ ಎತ್ತಾಕ ಬರವಲ್ದು."

ಆಗ ದೊರೆ ಕೂತು ಯೋಚಿಸಿದ. ತನ್ನ ಕಿಟಕಿ ಒಳ್ಳೆಯ ಮನೆತನದ ಕಿಟಕಿ. ಅದಕ್ಕೆ ಸೋರುವ ಚಾಳಿ ಎಲ್ಲಿಂದ ಬಂತು? ಊರಿನ ಪೋಲಿ ಕಿಟಕಿಗಳನ್ನು ನೋಡಿ ನೋಡಿ ಬಂತು! ಹಾಗಾದರೆ ಊರಿನ ಕಿಟಕಿಗಳನ್ನೆಲ್ಲ ಮುಚ್ಚಬೇಕು. ದೊರೆ ಹುಕುಂ ಹೊರಡಿಸಿದ.

ಗೌಂಡಿ ಹುಚ್ಚೀರಪ್ಪ ಕಲ್ಲು, ಗಾರೆ, ಅದನ್ನು ಮೆತ್ತುವ ಕರಣೆ ಹೊತ್ತುಕೊಂಡು ನೀಲಗಂಗವ್ವನ ಮನೆಗೆ ಬಂದ.

"ಯವ್ವಾ, ಕಿಟಕಿ ಮುಚ್ಚಬೇಕಂತ."

"ನನ್ನ ಕಿಟಕಿ ಸೋರತೈತೇನು?"

"ಇಲ್ಲ."

"ಮತ್ತ?"

"ದೊರಿದು ಸೋರತೈತಿ."

"ದೊರಿಗೆ ನೆಗಡಿ ಬಂದ್ರ ನನ್ನ ಮೂಗು ಕೊಯ್ತೀಯೇನು?"

ಹುಚ್ಚೀರಪ್ಪ ತುಸು ಯೋಚಿಸಿದ. "ಹುಕುಂ ಬಂದ್ರ ಕೊಯ್ಯೂದು," ಅಂದ.

ನೀಲಗಂಗವ್ವನ ಕಿಟಕಿ ನಿಜಕ್ಕೂ ಸೋರುತ್ತಿರಲಿಲ್ಲ. ಅವಳ ಕಟ್ಟೆಯ ಇಳಿಜಾರು ಹೊರಮುಖ. ಮುಸುರೆ ನೀರು ಚೆಲ್ಲಿದರೆ ಒಂದು ಹನಿಯೂ ವ್ಯರ್ಥವಾಗದೆ ತಿಪ್ಪವ್ವನ ಕೋಳಿಯ ಕಡೆಗೇ ಹೋಗಲಿ ಅಂತ ಹಟ ಹಿಡಿದು ಹಾಗೆ ಕಟ್ಟಿಸಿದ್ದಳು. ಮಳೆ ನೀರೂ ಅದೇ ದಾರಿ ಹಿಡಿದು ಹೋಗುತ್ತಿತ್ತು. ಆದರೆ ಹುಕುಮಿಗೆ ಕಣ್ಣೆಲ್ಲಿ? ಹುಚ್ಚೀರಪ್ಪ ಒಂದು ಕಲ್ಲಿಟ್ಟ. ಇನ್ನೊಂದು ಕಲ್ಲಿಟ್ಟ. ಕೋಣೆ ಕತ್ತಲಾಗುತ್ತಾ ಬಂತು. ತಿಪ್ಪವ್ವನ ಮುಖ ಅರ್ಧ ಮರೆಯಾಯಿತು. ನೀಲಗಂಗವ್ವ ತುದಿಗಾಲಲ್ಲಿ ನಿಂತು ಇಣುಕಿದಳು. ಇನ್ನು ಬೆಳಿಗ್ಗೆ ಎದ್ದು ಯಾರಿಗೆ ಬೈಯುವುದು? ತನಗೆ ಯಾರು ಬೈಯುತ್ತಾರೆ?

ಅಷ್ಟರಲ್ಲಿ ತಿಪ್ಪವ್ವ ಆ ಕಡೆಯಿಂದ ಕೂಗಿದಳು: "ಮುಚ್ಚಲಿ ಬಿಡು! ಆ ಹಾಳು ಮಾರಿ ನೋಡೂದು ತಪ್ಪತೈತಿ!"

ಹುಚ್ಚೀರಪ್ಪ ಥಟ್ಟನೆ ಕರಣೆ ಕೆಳಗಿಟ್ಟ.

ಆ ಊರಿನ ಗೌಂಡಿಗಳಲ್ಲಿ ಒಂದು ಕಟ್ಟಳೆ ಇತ್ತು. ಜಗಳ ಕಿವಿಗೆ ಬಿದ್ದರೆ ಕರಣೆ ಹಿಡಿಯಬಾರದು. ಬೈಗುಳ ಗಾರೆಯಲ್ಲಿ ಬೆರೆತರೆ ಆ ಗೋಡೆ ಬದುಕಿರುವವರೆಗೂ ಗೊಣಗುತ್ತದೆ. ಅಂಥ ಗೋಡೆ ಕಟ್ಟಿದ ಗೌಂಡಿಯ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. "ಮುಗಿಸ್ರಿ ಯವ್ವಾ, ಆಮ್ಯಾಲ ಕಟ್ಟತೀನಿ," ಅಂತ ಅವನು ನೆರಳಿಗೆ ಕೂತ.

ನೀಲಗಂಗವ್ವ ಕೆಳಗಿದ್ದ ಕರಣೆ ನೋಡಿದಳು. ಕೂತ ಗೌಂಡಿಯನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಿಟಕಿಗೆ ಬಂದಳು. "ಯಾರ ಮಾರಿ ಹಾಳು? ನಿನ್ನ ಮಾರಿ ನೋಡಿ ಹಾಲು ಒಡಿತೈತಿ!"

ಬೆಳಿಗ್ಗೆ ಜಗಳ. ಮಧ್ಯಾಹ್ನ ಜಗಳ. ರೊಟ್ಟಿ ಕಚ್ಚಿಕೊಂಡೇ ಜಗಳ. ಕೋಳಿಯ ವಿಷಯ ಮುಗಿಯಿತು, ಒಗ್ಗರಣೆಯ ವಿಷಯ ಮುಗಿಯಿತು, ಇಬ್ಬರ ತವರಿನ ವಿಷಯವೂ ಮುಗಿಯಿತು. ಕೊನೆಗೆ ತಿಪ್ಪವ್ವ ಕಿಟಕಿಗೆ ತಲೆಯೊರಗಿಸಿ ಮೆತ್ತಗೆ ಅಂದಳು: "ನೀಲಗಂಗಾ, ಗಂಟಲಾ ಒಣಗೇತಿ. ಖರೇ ಹೇಳಬೇಕಂದ್ರ ನನಗ ನಿನ್ನ ಮ್ಯಾಲ ಸಿಟ್ಟೇ ಇಲ್ಲ."

ಹುಚ್ಚೀರಪ್ಪ ಎದ್ದು ಕರಣೆಯ ಕಡೆ ಕೈ ಚಾಚಿದ.

ನೀಲಗಂಗವ್ವ ಅದನ್ನು ಕಂಡಳು. ಆ ಮಾತು ಕೇಳಿ ಕಣ್ಣಲ್ಲಿ ನೀರೂ ಬಂತು. ಆದರೆ ಅಳುವುದಕ್ಕೆ ಅದು ಹೊತ್ತಲ್ಲ. "ಸಿಟ್ಟಿಲ್ಲಾ?" ಅಂತ ಚೀರಿದಳು. "ಸಿಟ್ಟಿಲ್ಲದಽ ಇಷ್ಟು ವರ್ಷ ಬೈದೀಯೇನು? ನಾ ಇಲ್ಲಿ ಹೊಟ್ಟಿ ತುಂಬ ಸಿಟ್ಟು ಇಟಗೊಂಡು ಬೈದೀನಿ, ನೀ ಪುಕ್ಕಟೆ ಬೈದೀಯಾ? ಮೋಸಗಾತಿ!"

"ಯಾರಿಗಂದಿ ಮೋಸಗಾತಿ?" ತಿಪ್ಪವ್ವ ನೆಟ್ಟಗಾದಳು. ಹುಚ್ಚೀರಪ್ಪ ನಿಟ್ಟುಸಿರು ಬಿಟ್ಟು ಮತ್ತೆ ಕೂತ.

ಸುದ್ದಿ ಓಣಿಯಿಂದ ಓಣಿಗೆ ಹೋಯಿತು. ಊರಿನವರೆಲ್ಲ ಕಿಟಕಿಗೆ ಬಂದರು. ಬೀಗರು ಬೀಗರಿಗೆ ಬೈದರು. ಮಾತು ಬಾರದ ಮಗು ತೊಟ್ಟಿಲಿಗೆ ಬೈದಿತು. ಬೈಯಲು ಯಾರೂ ಸಿಗದ ಪೂಜಾರಪ್ಪ ಕನ್ನಡಿ ತಂದು ಎದುರಿಗಿಟ್ಟುಕೊಂಡು ತನಗೆ ತಾನೇ ಬೈದುಕೊಂಡ. ಊರಿನಲ್ಲಿ ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲು ಏರಲಿಲ್ಲ.

ದೊರೆ ಮಳೆಯಲ್ಲಿ ಕೊಡೆ ಹಿಡಿದು ತಾನೇ ಬಂದ. ಈಗ ಬಲಮೀಸೆಯೂ ಜೋತುಬಿದ್ದಿತ್ತು.

"ಜಗಳ ನಿಲ್ಲಸ್ರಿ!"

"ನೀವು ಹುಕುಂ ಹಿಂದಕ್ಕ ತಗೋರಿ," ಅಂದಳು ನೀಲಗಂಗವ್ವ.

"ನನ್ನ ಕಿಟಕಿ ಸೋರತೈತಲ್ಲ?"

"ನಿಮ್ಮ ಕಟ್ಟಿ ಹೊರಗ ಇಳಿಜಾರು ಮಾಡ್ರಿ. ನೀರು ಹೊರಗ ಹೋಗತೈತಿ."

"ಮತ್ತ ಕುಂಬಳಕಾಯಿ?"

"ಅದೂ ಹೊರಗ ಹೋಗತೈತಿ."

ದೊರೆ ತಲೆ ಕೆರೆದುಕೊಂಡ. "ನೀರು ಹೊರಗ ಹೋಗಿ ಕುಂಬಳಕಾಯಿ ಅಷ್ಟ ಒಳಗ ಬರೂ ಹಂಗ ಮಾಡಾಕ ಬರಂಗಿಲ್ಲೇನು?"

"ಬರಂಗಿಲ್ಲ. ಎಲ್ಲಾ ನನ್ನ ಕಡೆನಽ ಉರುಳಬೇಕು ಅಂದ್ರ ನೀರೂ ಉರುಳತೈತಿ. ತೊಯ್ಸಿಕೊಳ್ರಿ."

"ಯಾರ ಮುಂದ ಮಾತಾಡಾಕತ್ತೀ ಗೊತ್ತೈತೇನು?"

"ಗೊತ್ತೈತಿ. ನನ್ನ ಕಿಟಕಿಗೆ ಅಡ್ಡ ನಿಂತವನ ಮುಂದ. ಸರೀರಿ ಅತ್ತಾಗ, ತಿಪ್ಪವ್ವ ಕಾಣವಲ್ಲಳು!"

ದೊರೆಗೆ ಸಿಟ್ಟು ನೆತ್ತಿಗೇರಿತು. ಅವನೂ ಬೈದ. ನೀಲಗಂಗವ್ವನೂ ಬೈದಳು. ದೊರೆಗೆ ಬೈದು ರೂಢಿಯಿತ್ತೇ ಹೊರತು ಬೈಸಿಕೊಂಡು ರೂಢಿಯಿರಲಿಲ್ಲ. ಸಂಜೆಯ ಹೊತ್ತಿಗೆ ಸೋತ. ಮರುದಿನ ಬೆಳಿಗ್ಗೆ ಗೆಲ್ಲಲೇಬೇಕೆಂದು ಮತ್ತೆ ಬಂದ. ಮತ್ತೆ ಸೋತ. ದಿನಾ ಬರತೊಡಗಿದ. ಅರಮನೆಯಲ್ಲಿ ದೊರೆಯೇ ಇಲ್ಲದ ಮೇಲೆ ಕಾಣಿಕೆ ಯಾರಿಗೆ? ಜನ ಇಡುವುದನ್ನೇ ಬಿಟ್ಟರು. ಕುಂಬಳಕಾಯಿ ಅವರವರ ಮನೆಯ ಸಾರಿಗೆ ಬಿತ್ತು. ಮಳೆಯೊಂದು ಮಾತ್ರ ನಿಯತ್ತಿನಿಂದ ಅರಮನೆಯೊಳಕ್ಕೆ ಉರುಳುತ್ತಲೇ ಇತ್ತು.

ಹುಚ್ಚೀರಪ್ಪ ಕಾದು ಕಾದು ಸಾಕಾಗಿ, ತಾನಿಟ್ಟ ಎರಡು ಕಲ್ಲನ್ನೂ ತಾನೇ ಕಿತ್ತು ಹೊತ್ತುಕೊಂಡು ಹೋದ. ಕೀಳಲು ಕರಣೆ ಬೇಕಿರಲಿಲ್ಲ. ನೀಲಗಂಗವ್ವನ ಕೋಣೆಗೆ ಪೂರಾ ಬೆಳಕು ಬಂತು. ಎದುರಿಗೆ ತಿಪ್ಪವ್ವನ ಪೂರಾ ಮುಖ ಕಂಡಿತು. ನೀಲಗಂಗವ್ವ ಅದನ್ನು ಕಣ್ತುಂಬ ನೋಡಿದಳು. ಆಮೇಲೆ ಬಾಯ್ತುಂಬ ಬೈದಳು.

ನೀತಿ ಏನು ಅಂತೀರಾ? ಕಿಟಕಿಯ ಕಟ್ಟೆ ಹೊರಗೆ ಬಾಗಿರಲಿ, ಮನೆಯವರ ತಲೆ ಯಾರಿಗೂ ಬಾಗದಿರಲಿ. ಕತೆ ಆ ಊರಿನದು, ನಾಲಿಗೆ ನನ್ನದು. ಇದೆಲ್ಲ ಸುಳ್ಳು ಅನ್ನುವವರು ತಮ್ಮ ತಮ್ಮ ಕಿಟಕಿಗೆ ಬಂದು ನಿಲ್ಲಲಿ, ನಾನಂತೂ ಗಂಟಲು ಸರಿಮಾಡಿಕೊಂಡೇ ಕೂತಿದ್ದೇನೆ.