ಹಳ್ಳದಾಚೆಯ ಕಿವಿ

“ಗುರುಗಳೇ, ಹೊಸದು ಕೈಗೆ ಬಂದ ಮೇಲೂ ಹಳೆಯದನ್ನು ಏಕೆ ಇಟ್ಟುಕೊಳ್ಳಬೇಕು?” ಎಂದು ಶಿಷ್ಯ ಕೇಳಿದ. ಗುರುಗಳು ನಕ್ಕು ಕತೆ ಹೇಳತೊಡಗಿದರು.

ಬೆಟ್ಟದ ಊರಿನಲ್ಲಿ ಒಬ್ಬ ರೈತನಿದ್ದ. ಅವನ ಮನೆಯಲ್ಲಿ ಅಜ್ಜನ ಕಾಲದ ಕೋವಿಯಿತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸರಳಿನಿಂದ ಜಡಿದು ಹೊಡೆಯಬೇಕು. ಹೊಡೆದರೆ ಬೆಟ್ಟವೇ ಗುಡುಗುತ್ತಿತ್ತು. ಮಗಳು ತವರಿನಲ್ಲಿ ಹೆತ್ತು, ತಾಯಿ ಮಗು ಸುಖವಾಗಿದ್ದರೆ ಒಂದು ಈಡು ಹಾರಿಸುವುದು ಆ ಊರ ಪದ್ಧತಿ. ಅದನ್ನು ಕೇಳುವ ತನಕ ಅಳಿಯ ಊರ ಮುಂದಿನ ಹಳ್ಳದಾಚೆಯೇ ಕಾಯಬೇಕು, ದಾಟುವಂತಿಲ್ಲ. ಕೋವಿ ಸುಮ್ಮನಿದ್ದರೆ ಕೇಡೆಂದೇ ಅರ್ಥ.

ಒಮ್ಮೆ ಒಬ್ಬ ವರ್ತಕ ಹೊಸ ಕೋವಿ ತಂದ. ಅದನ್ನೂ ಬಾಯಿಂದಲೇ ತುಂಬಬೇಕು. ಆದರೆ ಮದ್ದು ಮಾತ್ರೆಯ ರೂಪದ್ದು, ಅವನ ಅಂಗಡಿಯದೇ ಆಗಬೇಕು. “ಇದರ ಗುಟ್ಟು ನಮಗೊಬ್ಬರಿಗೇ ಗೊತ್ತು, ಯಜಮಾನರೇ. ಹೊಗೆಯಿಲ್ಲ, ಸದ್ದೂ ಕಡಿಮೆ,” ಎಂದ. ರೈತ ಮರುಳಾಗಿ ಕೊಂಡ. ಅಜ್ಜನ ಕೋವಿ ಅಟ್ಟ ಸೇರಿತು.

ರೈತನ ಮಗಳು ಹೆರಿಗೆಗೆ ಬಂದಿದ್ದಳು. ಅವಳ ಮೊದಲ ಹೆಣ್ಣುಮಗು ಉಳಿದಿರಲಿಲ್ಲ. ಈ ಸಲ ಮಗು ಗಟ್ಟಿಯಾಗಿ ಅತ್ತಿತು. ರೈತ ಹಿಗ್ಗಿನಿಂದ ಅಂಗಳಕ್ಕೋಡಿ ಹೊಸ ಕೋವಿ ಹಾರಿಸಿದ. ಅದು ಫಟ್ಟೆಂದಿತು, ಅಷ್ಟೇ.

ಹೊತ್ತು ಇಳಿಯಿತು. ಅಳಿಯ ಬರಲಿಲ್ಲ. “ಅಪ್ಪಾ, ಇದೂ ಹೆಣ್ಣಿರಬಹುದೆಂದು ಅವರಿಗೆ ಬೇಸರವೇ?” ಎಂದು ಮಗಳು ಕಣ್ಣು ತುಂಬಿಕೊಂಡಳು. ರೈತ ಎದ್ದ. ಹೊರಗೆ ಬಂದು ನೋಡಿದರೆ, ಹಳ್ಳದಾಚೆಯ ಬಂಡೆಯ ಮೇಲೆ ಅಳಿಯ ತಲೆಯ ಮೇಲೆ ಕೈಹೊತ್ತು ಕೂತಿದ್ದಾನೆ. ನೀರಿನ ಮೊರೆತದಲ್ಲಿ ಕೂಗಿದರೆ ಕೇಳುವುದಿಲ್ಲ.

ರೈತ ಅಟ್ಟ ಹತ್ತಿದ. ವರ್ತಕನ ಮಾತ್ರೆ ಹಳೆಯ ನಳಿಗೆಗೆ ಹಿಡಿಸಲಿಲ್ಲ. ಮದ್ದು ತುಂಬಿಡುವ ಕೊಂಬಿನ ತಳದಲ್ಲಿ ಉಳಿದಿದ್ದ ಹಳೆಯ ಮದ್ದನ್ನೇ ಕೆರೆದು ಸುರಿದ. ಹೆಂಡತಿ ತೆಂಗಿನಕಾಯಿಯ ನಾರು ಕಿತ್ತುಕೊಟ್ಟಳು. ಕೋವಿ ಗುಡುಗಿತು.

ಅಳಿಯ ಎದ್ದ. ಕಾಲಿನ ಮೆಟ್ಟನ್ನೂ ಬಿಡದೆ ಹಳ್ಳಕ್ಕಿಳಿದ. ಒದ್ದೆ ಮೈಯಲ್ಲೇ ಮಗುವಿನೆದುರು ಮಂಡಿಯೂರಿ ಗಳಗಳನೆ ಅತ್ತ. “ಮಾವಾ, ಮಧ್ಯಾಹ್ನ ಯಾರೋ ಹಂದಿ ಹೊಡೆದರು ಅಂದುಕೊಂಡೆ. ನಮ್ಮ ಮನೆಯ ಕೋವಿ ಕೇಳಲೇ ಇಲ್ಲವಲ್ಲ ಅಂತ ಕೂತಿದ್ದೆ,” ಎಂದ.

ಶಿಷ್ಯ ತಡೆಯಲಾರದೆ ಕೇಳಿದ: “ಹಾಗಾದರೆ ಹೊಸ ಕೋವಿಯನ್ನು ಎಸೆದುಬಿಡಬೇಕೇ?”

“ಎಸೆಯುವುದೇಕೆ, ಹಂದಿಗೆ ಅದೇ ಚೆನ್ನ, ಆದರೆ ರೈತ ಬದಲಿಸಿದ್ದು ಕೋವಿಯನ್ನು, ಕಾದು ಕೂತವನ ಕಿವಿಯನ್ನಲ್ಲ.”