ಮೇಲಿನ ಸಾಲಿನಲ್ಲಿದ್ದ ಹೆಸರು

"ಎಲ್ಲ ಕಂಪ್ಯೂಟರಿಗೂ ಸೇರಿದ ಸಾಲು ಯಾವುದು, ಒಂದಕ್ಕೇ ಸೇರಿದ ಸಾಲು ಯಾವುದು ಎಂದು ಹೇಗೆ ತಿಳಿಯಬೇಕು, ಗುರುಗಳೇ?" ಎಂದು ಶರ್ವಾಣಿ ಕೇಳಿದಳು.

ಕೋಡಿನ ಯಾವ ಸಾಲನ್ನು ಯಾರು, ಯಾವಾಗ ಬರೆದರೆಂದು ದಾಖಲೆ ಇಡುವ ತಂತ್ರಾಂಶವೊಂದನ್ನು ಅವಳು ಕಲಿಯುತ್ತಿದ್ದಳು. ಅದಕ್ಕೊಂದು ಸೆಟ್ಟಿಂಗ್ ಫೈಲು ಬೇಕು. ಹಾಸ್ಟೆಲಿನಲ್ಲೊಂದು ಕಂಪ್ಯೂಟರ್, ಲ್ಯಾಬಿನಲ್ಲೊಂದು. ಒಂದೇ ಫೈಲನ್ನು ಎರಡಕ್ಕೂ ಹಾಕಿದರೆ, ಒಂದು ಕಡೆ ಸರಿಹೋದದ್ದು ಇನ್ನೊಂದು ಕಡೆ ಕೆಡುತ್ತಿತ್ತು. ನಾಲ್ಕು ದಿನ ಬಾಯಿಬಿಡದೆ ಒದ್ದಾಡಿ ಐದನೆಯ ದಿನ ಕೇಳಿದ್ದಳು. ಎರಡು ಮಾತಿನಲ್ಲಿ ಉತ್ತರ ಮುಗಿಯುತ್ತದೆ ಎಂದುಕೊಂಡಿದ್ದಳು. ಗುರುಗಳು ಕತೆ ಶುರುಮಾಡಿದರು.

ಒಬ್ಬ ಕಸುಬುದಾರನಿದ್ದ. ಅವನಿಗೆ ಮೂರು ಕಂಪ್ಯೂಟರುಗಳಿದ್ದವು. ಮೂರಕ್ಕೂ ಸಲ್ಲುವಂತೆ ಒಂದು ಫೈಲು ಬರೆದು, ಅದರ ನಡುವೆ ತನ್ನ ಹೆಸರನ್ನೂ ಸೇರಿಸಿದ್ದ. ಮೂರರ ಮುಂದೆಯೂ ಕೂರುವವನು ತಾನೊಬ್ಬನೇ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಅವನ ಬಳಿ ಒಬ್ಬಳು ಹುಡುಗಿ ಕೆಲಸಕ್ಕೆ ಸೇರಿದಳು. ಕಣ್ಣು ಕಾಣದವರಿಗೆ ಕನ್ನಡ ಪುಸ್ತಕ ಓದಿ ಹೇಳುವ ತಂತ್ರಾಂಶವನ್ನು ಇಬ್ಬರೂ ಕೂಡಿ ಕಟ್ಟಬೇಕಿತ್ತು. ಅವನು ತನ್ನ ಫೈಲನ್ನೇ ಅವಳಿಗೂ ಕೊಟ್ಟ. ನಿನ್ನ ಹೆಸರನ್ನು ಬೇರೊಂದು ಸಣ್ಣ ಫೈಲಿನಲ್ಲಿ ಬರೆದುಕೋ, ಅದನ್ನೂ ಓದು ಎಂದು ಯಂತ್ರಕ್ಕೆ ಹೇಳುವ ಒಂದು ಸಾಲನ್ನು ಇದರಲ್ಲಿ ಸೇರಿಸು ಎಂದ. ಎಲ್ಲಿ ಸೇರಿಸಬೇಕೆಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಉತ್ತರಪತ್ರಿಕೆಯ ನೆತ್ತಿಯಲ್ಲಿ ಹೆಸರು ಬರೆದು ಬೆಳೆದವಳು ಅವಳು. ಆ ಸಾಲನ್ನು ಎಲ್ಲಕ್ಕಿಂತ ಮೇಲೆ ಹಾಕಿದಳು.

ಅವನು ಬಗ್ಗಿ ನೋಡಿ ನಕ್ಕ. "ಏನಮ್ಮ, ಲಗ್ನಪತ್ರಿಕೇಲಿ ಕುಲದೇವರ ಹೆಸರು ಹಾಕೋ ಹಾಗೆ ಹಾಕಿದೀಯಲ್ಲ."

ಹುಡುಗಿ ನಾಚಿ ತಲೆ ತಗ್ಗಿಸಿದಳು. ಅವನು ತನ್ನ ಕೆಲಸಕ್ಕೆ ಹೋದ.

ಮನುಷ್ಯರಲ್ಲಿ ಮೊದಲ ಸಾಲಿಗೆ ಮಣೆ. ಯಂತ್ರದಲ್ಲಿ ಹಾಗಿಲ್ಲ. ಅದು ಮೇಲಿನಿಂದ ಓದುತ್ತ ಬರುತ್ತದೆ. ಒಂದೇ ವಿಷಯಕ್ಕೆ ಎರಡು ಮಾತು ಸಿಕ್ಕರೆ ಕೊನೆಯದನ್ನೇ ನಂಬುತ್ತದೆ. ಮೊದಲು ಅವಳ ಹೆಸರು ಓದಿತು. ಕೆಳಗೆ ಬಂದು ಅವನ ಹೆಸರು ಓದಿತು. ಅವಳದನ್ನು ಬಿಟ್ಟಿತು.

ಎರಡೂವರೆ ವರ್ಷ ಅವಳು ಬರೆದಳು. ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಿದ್ದ ದನಿಯನ್ನು ಸರಾಗ ಮಾಡಿದವಳು ಅವಳೇ. ಪ್ರತಿ ಸಾಲೂ ಅವನ ಹೆಸರಿನಲ್ಲಿ ದಾಖಲಾಯಿತು. ಅದು ಕಣ್ಣಿಗೆ ಬಿದ್ದಾಗಲೆಲ್ಲ, ಮನೆ ಬಾಗಿಲ ಮೇಲೆ ಯಜಮಾನನ ಹೆಸರಿರುತ್ತದಲ್ಲ, ಇದೂ ಹಾಗೇ ಇರಬೇಕು ಎಂದುಕೊಂಡಳು. ಕೇಳಲು ಸಂಕೋಚ. ಒಂದು ದಿನ ಅವನೂ ಅದನ್ನು ಕಂಡ. ತಾನು ಊರಿನಲ್ಲೇ ಇರದಿದ್ದ ವಾರದಲ್ಲಿ ತನ್ನ ಹೆಸರಿನಲ್ಲಿ ನಲವತ್ತು ದಾಖಲೆ. ನಾಳೆ ಹೇಳೋಣ ಎಂದುಕೊಂಡ. ಅಷ್ಟರಲ್ಲಿ ಜನ ಅವನನ್ನು ಹೊಗಳತೊಡಗಿದ್ದರು.

ಆಮೇಲೆ ಹುಡುಗಿ ಸಂಶೋಧನೆಯ ಸೀಟಿಗಾಗಿ ಸಂದರ್ಶನಕ್ಕೆ ಹೋದಳು. ತೋರಿಸಲು ಅವಳ ಬಳಿ ಇದ್ದದ್ದು ಆ ಕೆಲಸವೊಂದೇ. ಅಲ್ಲಿನವರು ದಾಖಲೆ ತೆರೆದು ಮೊದಲಿನಿಂದ ಕೊನೆಯವರೆಗೆ ನೋಡಿದರು. ಇದರಲ್ಲಿ ನಿಮ್ಮದು ಯಾವುದಮ್ಮ ಎಂದು ಮೆತ್ತಗೆ ಕೇಳಿದರು. ಸುಳ್ಳಿ ಎಂದೇನೂ ಅನ್ನಲಿಲ್ಲ. ಕುಡಿಯಲು ನೀರು ಕೊಟ್ಟು, ಹತ್ತು ದಿನದೊಳಗೆ ಪುರಾವೆ ತನ್ನಿ ಎಂದು ಕಳಿಸಿದರು.

ಅವಳು ಅವನ ಬಳಿ ಬಂದಳು. ಫೈಲು ತಿದ್ದುವುದು ಕ್ಷಣದ ಕೆಲಸ. ಮೇಲಿನ ಸಾಲನ್ನು ಕೊನೆಗಿಳಿಸಿದರೆ ಮುಗಿಯಿತು. ಹಿಂದಿನ ದಾಖಲೆಗಳು ಮಾತ್ರ ಜಡೆ ಹೆಣೆದಂತೆ ಒಂದಕ್ಕೊಂದು ಕಟ್ಟಿಕೊಂಡಿದ್ದವು. ಒಂದರ ಹೆಸರು ಬದಲಿಸಿದರೆ ಆಮೇಲಿನದೆಲ್ಲ ಬದಲಾಗಿ, ಪ್ರತಿ ಇಟ್ಟುಕೊಂಡಿದ್ದ ನೂರಾರು ಜನರ ಕೆಲಸ ಕೆಡುತ್ತಿತ್ತು. ಅವಳು ಅಷ್ಟನ್ನು ಕೇಳಲಿಲ್ಲ. ಇವು ನಾನು ಬರೆದವು ಎಂದು ಒಂದು ಪತ್ರ ಬರೆದುಕೊಡಿ ಸರ್ ಎಂದಳು, ಅಷ್ಟೆ.

"ಯಾವುದು ನಿನ್ನದು, ಯಾವುದು ನನ್ನದು ಅಂತ ಈಗ ನನಗೇ ಗೊತ್ತಾಗ್ತಿಲ್ಲವಲ್ಲಮ್ಮ," ಎಂದ ಅವನು.

ಹತ್ತು ದಿನ ಕಳೆಯಿತು. ಸೀಟು ಬೇರೆಯವರಿಗೆ ಹೋಯಿತು. ಹುಡುಗಿ ಮತ್ತೆ ಒಂದು ಸಾಲೂ ಬರೆಯಲಿಲ್ಲ.

ಗುರುಗಳು ನಿಲ್ಲಿಸಿದರು. ಯಾರ ಕೈಗೆ ಹೋದರೂ ಸಲ್ಲುವಂಥದು ಮಾತ್ರ ಎಲ್ಲರ ಫೈಲಿನಲ್ಲಿರಲಿ, ಹೆಸರು ಅಲ್ಲಿರಬಾರದು. ಒಂದು ಕಂಪ್ಯೂಟರಿಗೇ ಸೇರಿದ ಫೈಲನ್ನು ಓದು ಎಂಬ ಮಾತು ಕೊನೆಯ ಸಾಲಿನಲ್ಲಿ ಬರಬೇಕು ಎಂದರು. ಶರ್ವಾಣಿ ಬರೆದುಕೊಂಡಳು. ಅವಳು ಕೇಳಲು ಬಂದದ್ದಕ್ಕೆ ಉತ್ತರ ಸಿಕ್ಕಿತ್ತು. ಏಳಬಹುದಿತ್ತು. ಏಳಲಿಲ್ಲ.

"ಅವನು ಕಣ್ಣಾರೆ ನೋಡಿದ್ದನಲ್ಲ ಗುರುಗಳೇ," ಎಂದಳು, ನೆಲ ನೋಡುತ್ತ. "ಪತ್ರ ಯಾಕೆ ಬರೆದುಕೊಡಲಿಲ್ಲ?"

"ನಾನು ಬರೆದುಕೊಟ್ಟಿದ್ದರೆ, ನೀನು ಕಲಿಯೋದಕ್ಕೆ ಅವಳ ಮನೆ ಹುಡುಕಿಕೊಂಡು ಹೋಗ್ತಿದ್ದೆ," ಎಂದರು ಗುರುಗಳು.